ಹೂಜಿ ಗಿಡಕ್ಕೆ ಹೆಸರಿಟ್ಟ ಹೂಕರ್

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಪುಣೆಯ ನಮ್ಮ ಫ್ಲ್ಯಾಟಿಗೆ ಒಂದು ಕೊರಿಯರ್ ಬಂತು. ಒಳಗಿದ್ದದ್ದು ಹೂಜಿ ಗಿಡ. ಎಲೆಯ ತುದಿಯಲ್ಲಿ ಪುಟ್ಟ ಹೂಜಿಗಳನ್ನು ತೂಗುಬಿಟ್ಟುಕೊಂಡು, ಅದರೊಳಗೆ ಬಿದ್ದ ಇರುವೆ ನೊಣಗಳನ್ನು ಕರಗಿಸಿಕೊಂಡು ಬದುಕುವ ಗಿಡ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಅದರ ಚಿತ್ರ ನೋಡಿದ ದಿನದಿಂದ ನನಗೆ ಅದರ ಮೇಲೆ ಆಸೆ. ಆನ್‌ಲೈನಿನಲ್ಲಿ ಕಂಡಿತು, ತರಿಸಿದೆ. ಪೊಟ್ಟಣ ಬಿಚ್ಚಿದರೆ ಕುಂಡದ ಮಣ್ಣೇ ಇಲ್ಲ. ಒದ್ದೆ ಕಾಗದದಲ್ಲಿ ಸುತ್ತಿದ ಬೇರು, ಅದಕ್ಕೆ ಅಂಟಿದ ಕಾಡುಹುಲ್ಲು, ನಡುವೆ ಒಂದು ಚೂರು ಕಲ್ಲು. ಇದು ನರ್ಸರಿಯಲ್ಲಿ ಬೆಳೆದದ್ದಲ್ಲ, ಎಲ್ಲಿಂದಲೋ ಕಿತ್ತು ತಂದದ್ದು ಎಂದು ತಿಳಿಯಲು ಸಸ್ಯಶಾಸ್ತ್ರ ಓದಿರಬೇಕಿಲ್ಲ, ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದಿದ್ದರೆ ಸಾಕು. ಮೂರು ವಾರಕ್ಕೆ ಹೂಜಿಗಳು ಒಣಗಿದವು. ಐದನೇ ವಾರಕ್ಕೆ ಗಿಡವೇ ಹೋಯಿತು. ಊರಿಗೆ ಫೋನ್ ಮಾಡಿ ಹೇಳಿಕೊಂಡೆ. ಬೇರು ಹರಿದ ಗಿಡ ಎಲ್ಲಿ ನೆಟ್ಟರೂ ಅಷ್ಟೇ ಎಂದು ಅಮ್ಮ ಸಮಾಧಾನ ಮಾಡಿದಳು. ಬೀಜ ಸಿಕ್ಕರೆ ಹಾಕಿ ನೋಡುವಂತೆಯೂ ಹೇಳಿದಳು.

ಬೀಜ ಹುಡುಕುವ ಮೊದಲು ಸ್ವಲ್ಪ ಓದಿಕೊಳ್ಳೋಣ ಎಂದು ಕುಳಿತೆ. ಭಾರತದಲ್ಲಿ ತಾನಾಗಿ ಬೆಳೆಯುವ ನೆಪೆಂಥಿಸ್, ಅಂದರೆ ಹೂಜಿ ಗಿಡ, ಒಂದೇ ಒಂದು. ಅದರ ತವರು ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳು. ಅದರ ಪೂರ್ತಿ ಹೆಸರು ನೆಪೆಂಥಿಸ್ ಖಾಸಿಯಾನಾ ಹೂಕ್. ಎಫ್. ನಾವು ಬರೆಯುವ ಕೋಡಿನಲ್ಲಿ ಯಾವ ಸಾಲನ್ನು ಯಾರು ಬರೆದರು ಎಂಬ ದಾಖಲೆ ಇರುತ್ತದಲ್ಲ, ಸಸ್ಯಶಾಸ್ತ್ರದಲ್ಲೂ ಅದೇ ಪದ್ಧತಿ. ಹೆಸರಿಟ್ಟವರ ಗುರುತು ಹೆಸರಿನ ಬಾಲದಲ್ಲೇ ಇರುತ್ತದೆ. ಹೂಕ್. ಎಂದರೆ ಹೂಕರ್. ಎಫ್. ಎಂದರೆ ಲ್ಯಾಟಿನ್ ಭಾಷೆಯ ಫಿಲಿಯಸ್, ಅಂದರೆ ಮಗ. ಅಪ್ಪನೂ ಹೆಸರಾಂತ ಸಸ್ಯವಿಜ್ಞಾನಿಯಾಗಿದ್ದರಿಂದ ಮಗನಿಗೆ ಈ ಗುರುತು ಬೇಕಾಯಿತು.

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಬೆಂಥಮ್ ಮತ್ತು ಹೂಕರ್ ವರ್ಗೀಕರಣ ನೆನಪಿರಬಹುದು. ಆ ಹೂಕರ್ ಇವರೇ, ಜೋಸೆಫ್ ಡಾಲ್ಟನ್ ಹೂಕರ್. ಎಂ.ಟೆಕ್ ಮಾಡಿದ ನನಗೆ ಆ ಹೆಸರು ಹೊಸದು. ಓದುತ್ತಾ ಹೋದಂತೆ, ನನ್ನ ಮನೆಯಲ್ಲಿ ಸತ್ತ ಗಿಡಕ್ಕೂ ಈ ಮನುಷ್ಯನ ಬದುಕಿಗೂ ನಾನು ಎಣಿಸಿದ್ದಕ್ಕಿಂತ ಹತ್ತಿರದ ನಂಟಿದೆ ಅನ್ನಿಸಿತು.

ಅಪ್ಪನ ತರಗತಿಯಲ್ಲಿ ಕುಳಿತ ಹುಡುಗ

ಜೋಸೆಫ್ ಹುಟ್ಟಿದ್ದು 1817ರ ಜೂನ್ 30ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತದ ಹೇಲ್ಸ್‌ವರ್ತ್ ಎಂಬ ಊರಲ್ಲಿ. ಮೂರು ವರ್ಷದಲ್ಲಿ ಅಪ್ಪ ವಿಲಿಯಂ ಹೂಕರ್‌ಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು, ಸಂಸಾರ ಸ್ಕಾಟ್ಲೆಂಡಿಗೆ ಹೋಯಿತು. ಏಳು ವರ್ಷದ ಹುಡುಗ ಕಾಲೇಜು ಹುಡುಗರ ನಡುವೆ ಕುಳಿತು ಅಪ್ಪನ ಪಾಠ ಕೇಳುತ್ತಿದ್ದ. ಅಜ್ಜನ ಬಳಿ ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಪುಸ್ತಕವಿತ್ತು. ಅದರಲ್ಲಿ ಕೆರ್ಗುಲೆನ್ ಎಂಬ ದೂರದ ದ್ವೀಪದ ಚಿತ್ರ, ದಡದಲ್ಲಿ ಪೆಂಗ್ವಿನ್‌ಗಳು. ಅಲ್ಲಿಗೆ ಹೋಗಬೇಕೆಂಬ ಆಸೆ ಆಗಲೇ ಹುಟ್ಟಿತ್ತು.

1839ರಲ್ಲಿ ವೈದ್ಯಕೀಯ ಪದವಿ ಮುಗಿಯಿತು. ಅದೇ ವರ್ಷ ಜೇಮ್ಸ್ ಕ್ಲಾರ್ಕ್ ರಾಸ್‌ನ ಅಂಟಾರ್ಕ್ಟಿಕ ಯಾನದಲ್ಲಿ ಎರೆಬಸ್ ಹಡಗಿನ ಸಹಾಯಕ ವೈದ್ಯನ ಕೆಲಸ ಸಿಕ್ಕಿತು. ವಯಸ್ಸು 22. ಮರುವರ್ಷ ಹಡಗು ಕೆರ್ಗುಲೆನ್‌ಗೆ ಹೋಯಿತು. ಕುಕ್‌ನ ತಂಡ ಅಲ್ಲಿ ಕಂಡಿದ್ದು 18 ಬಗೆಯ ಸಸ್ಯ. ಪಾಚಿ, ಕಲ್ಲುಹೂವುಗಳನ್ನೂ ಬಿಡದೆ ಹುಡುಕಿದ ಹೂಕರ್‌ಗೆ ಸಿಕ್ಕಿದ್ದು 150.

ನಾಲ್ಕು ವರ್ಷ ಮನೆಯಿಂದ ದೂರ. ಆ ನಡುವೆ ಜಮೈಕಾದಲ್ಲಿದ್ದ ಅಣ್ಣ ತೀರಿಕೊಂಡ. ಮರುವರ್ಷ ಕ್ಷಯದಿಂದ ತಂಗಿ ಹೋದಳು. ಎರಡೂ ಸುದ್ದಿ ತಲುಪಿದ್ದು ತಿಂಗಳುಗಟ್ಟಲೆ ತಡವಾಗಿ ಬಂದ ಕಾಗದಗಳಲ್ಲಿ. ಊರಿಂದ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಧಸಕ್ಕೆನ್ನುವುದು ನಮಗೆಲ್ಲ ಗೊತ್ತು. ಆದರೂ ರಾತ್ರಿ ಬಸ್ಸು ಹಿಡಿದರೆ ಬೆಳಗ್ಗೆ ಊರಲ್ಲಿರುತ್ತೇವೆ. ಆ ಹುಡುಗನಿಗೆ ಅದೂ ಇರಲಿಲ್ಲ. ಹಡಗು ದಕ್ಷಿಣಕ್ಕೆ ಹೋಗುತ್ತಿತ್ತು, ಅವನು ಗಿಡ ಒತ್ತಿ ಒಣಗಿಸುತ್ತಾ ಕುಳಿತ.

ಆ ಯಾನದಲ್ಲಿ ಇನ್ನೊಂದು ಕೆಲಸ ನಡೆಯಿತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅದಕ್ಕೆ ಹತ್ತು ವರ್ಷ ಮೊದಲು, ಮುಚ್ಚಿದ ಗಾಜಿನ ಬಾಟಲಿಯೊಳಗೆ ಜರೀಗಿಡ ತಾನಾಗಿ ಮೊಳೆತು ಬದುಕಿದ್ದನ್ನು ಕಂಡಿದ್ದರು. ಒಳಗಿನ ತೇವ ಆವಿಯಾಗಿ ಗಾಜಿಗೆ ತಾಗಿ ಮತ್ತೆ ಹನಿಯುತ್ತದೆ, ಹೊಗೆ ಉಪ್ಪುಗಾಳಿ ಒಳಗೆ ಬರುವುದಿಲ್ಲ. ಇದೇ ತತ್ವದ ಗಾಜಿನ ಪೆಟ್ಟಿಗೆಗೆ ವಾರ್ಡಿಯನ್ ಪೆಟ್ಟಿಗೆ ಎಂದು ಹೆಸರಾಯಿತು. ಅದರಲ್ಲಿ ಜೀವಂತ ಗಿಡಗಳನ್ನಿಟ್ಟು ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಕಳಿಸಿದ ಮೊದಲಿಗರಲ್ಲಿ ಹೂಕರ್ ಒಬ್ಬರು. ಈಗ ನನ್ನ ಅಡುಗೆಮನೆಯ ಕಪಾಟಿನ ಮೇಲೆ ಮುಚ್ಚಳ ಹಾಕಿಟ್ಟಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಆ ಪೆಟ್ಟಿಗೆಯ ಮರಿಮಗ.

ಸಿಕ್ಕಿಂನ ಬೀಜ, ಖಾಸಿಯ ಬುಟ್ಟಿ

ಅಂಟಾರ್ಕ್ಟಿಕದಿಂದ ಬಂದ ಮೇಲೆ ಹೂಕರ್‌ಗೆ ಚಾರ್ಲ್ಸ್ ಡಾರ್ವಿನ್‌ರ ಸ್ನೇಹವಾಯಿತು. ಜೀವಿಗಳ ಪ್ರಭೇದಗಳು ಬದಲಾಗದೆ ನಿಂತವಲ್ಲ ಎಂಬ ಅನುಮಾನವನ್ನು ಡಾರ್ವಿನ್ ಮೊದಲು ಹೇಳಿಕೊಂಡವರಲ್ಲಿ ಇವರೊಬ್ಬರು. ಅದು 1844ರ ಜನವರಿಯಲ್ಲಿ ಬರೆದ ಕಾಗದ. ಒಂದು ಕೊಲೆ ಒಪ್ಪಿಕೊಂಡಷ್ಟು ಅಳುಕಿನಿಂದ ಡಾರ್ವಿನ್ ಅದನ್ನು ಬರೆದಿದ್ದರು. ಆ ಗುಟ್ಟು ಹದಿನಾಲ್ಕು ವರ್ಷದ ನಂತರ ಹೊರಬಂದಾಗ, 1858ರ ಜುಲೈ 1ರಂದು ಡಾರ್ವಿನ್ ಮತ್ತು ವ್ಯಾಲೇಸ್‌ರ ಬರಹಗಳನ್ನು ಲಿನೇಯನ್ ಸೊಸೈಟಿಯ ಮುಂದಿಟ್ಟವರು ಲಯಲ್ ಮತ್ತು ಇದೇ ಹೂಕರ್.

ಅದಕ್ಕೂ ಮೊದಲು ಅವರು ಭಾರತಕ್ಕೆ ಬಂದರು. ಫ್ರಾನ್ಸಿಸ್ ಹೆನ್ಸ್ಲೋ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತು ಮಾಡಿಕೊಂಡು 1847ರಲ್ಲಿ ಹೊರಟವರು ಮದುವೆಯಾದದ್ದು 1851ರಲ್ಲಿ, ಹಿಂದಿರುಗಿದ ಮೇಲೆ. ಆರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಹೋಗಿ ಮದುವೆ ಮುಂದೂಡಿದ ಸಹೋದ್ಯೋಗಿಗಳಿಗೆ ನಾನು ಈ ಕತೆ ಹೇಳುವುದುಂಟು.

1848ರ ಜನವರಿಯಲ್ಲಿ ಕಲ್ಕತ್ತಾ, ಏಪ್ರಿಲ್‌ನಲ್ಲಿ ಡಾರ್ಜಿಲಿಂಗ್. ಅಲ್ಲಿಂದ ಎರಡು ವರ್ಷ ಸಿಕ್ಕಿಂನ ಕಣಿವೆಗಳು. ರಾಜನ ಒಪ್ಪಿಗೆಯಿಲ್ಲದೆ ಗಡಿ ದಾಟಿದ್ದು, ಬ್ರಿಟಿಷರ ಮೇಲಿದ್ದ ಹಳೆಯ ಸಿಟ್ಟು ಎಲ್ಲ ಸೇರಿ 1849ರ ನವೆಂಬರಿನಲ್ಲಿ ಸಿಕ್ಕಿಂನ ದಿವಾನನ ಕಡೆಯವರು ಡಾರ್ಜಿಲಿಂಗ್‌ನ ಅಧಿಕಾರಿ ಕ್ಯಾಂಬೆಲ್‌ರನ್ನು ಹಿಡಿದರು, ಜೊತೆಗಿದ್ದ ಹೂಕರ್‌ರನ್ನೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಅದರ ನೆಪದಲ್ಲಿ ಬ್ರಿಟಿಷರು ಸಿಕ್ಕಿಂನ ತಪ್ಪಲು ಪ್ರದೇಶವನ್ನೇ ಕಿತ್ತುಕೊಂಡರು. ಗಿಡ ಹುಡುಕಲು ಹೋದವರ ಬೆನ್ನ ಹಿಂದೆ ಸಾಮ್ರಾಜ್ಯವೂ ನಡೆದು ಬಂದಿತ್ತು ಎಂಬುದನ್ನು ಹೂಕರ್ ಕತೆ ಹೇಳುವಾಗ ಮರೆಯಬಾರದು.

ಸಿಕ್ಕಿಂನಲ್ಲಿ ಅವರಿಗೆ ಸಿಕ್ಕ ದೊಡ್ಡ ಸಂಪತ್ತು ರೋಡೋಡೆಂಡ್ರಾನ್. ಬೆಟ್ಟದ ಇಳಿಜಾರಿನಲ್ಲಿ ಕೆಂಪು, ಬಿಳಿ, ಹಳದಿ ಹೂ ಬಿಡುವ ಮರ ಪೊದೆಗಳು. ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳನ್ನು ಹೂಕರ್ ಹೊಸದಾಗಿ ವಿವರಿಸಿದರು. ಅವುಗಳ ಬೀಜ ಕಟ್ಟಿ, ಅಪ್ಪ ನಿರ್ದೇಶಕರಾಗಿದ್ದ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳಿಸಿದರು. ದೂಳಿನಷ್ಟು ಸಣ್ಣ ಬೀಜಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆದೂ ಮೊಳೆತವು. ಇಂದು ಬ್ರಿಟನ್ನಿನ ತೋಟಗಳಲ್ಲಿ ಹೂ ಬಿಡುವ ಎಷ್ಟೋ ರೋಡೋಡೆಂಡ್ರಾನ್‌ಗಳ ಮೂಲ ಆ ಪೊಟ್ಟಣಗಳು.

1850ರಲ್ಲಿ ಗೆಳೆಯ ಥಾಮಸ್ ಥಾಮ್ಸನ್ ಜೊತೆ ಹೂಕರ್ ಖಾಸಿ ಬೆಟ್ಟಕ್ಕೆ ಹೋದರು. ಚಿರಾಪುಂಜಿಯಲ್ಲಿ ಒಂದೇ ಹಗಲು ರಾತ್ರಿಯಲ್ಲಿ 30 ಅಂಗುಲ ಮಳೆ ಅಳೆದರು. ಏಳು ತಿಂಗಳಲ್ಲಿ 500 ಅಂಗುಲಕ್ಕೂ ಹೆಚ್ಚು. ಆಗುಂಬೆ ಕಡೆಯವನಾದ ನಾನೂ ಆ ಅಂಕಿ ನೋಡಿ ಸುಮ್ಮನಾದೆ. ಚಿರಾಪುಂಜಿಯ ಸುತ್ತ ಹತ್ತು ಮೈಲಿಯೊಳಗೆ 2,000ಕ್ಕೂ ಹೆಚ್ಚು ಬಗೆಯ ಹೂಬಿಡುವ ಗಿಡ ಸಿಕ್ಕವು. ಇಂಥ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದು ಕೆಳಗಿನ ಬಯಲಿಗೆ ಒಯ್ಯುತ್ತದೆ. ಬೇರಿಗೆ ನೈಟ್ರೋಜನ್ ಸಿಗದ ನೆಲದಲ್ಲಿ ಬದುಕಬೇಕಾದ ಗಿಡ ಬೇರೆ ದಾರಿ ನೋಡಬೇಕು. ಹೂಜಿ ಗಿಡ ಎಲೆಯನ್ನೇ ಹೂಜಿ ಮಾಡಿಕೊಂಡಿತು. ನುಣುಪಾದ ಅಂಚಿನಲ್ಲಿ ಕಾಲು ಜಾರಿದ ಕೀಟ ಒಳಗಿನ ದ್ರವದಲ್ಲಿ ಬಿದ್ದರೆ ಅದೇ ಗೊಬ್ಬರ. ಖಾಸಿ ಜನ ಅದನ್ನು ರಾಕ್ಷಸ ಹೂವು ಎಂಬರ್ಥದ ಟ್ಯೂ ರಾಕೊಟ್ ಎಂದು ಕರೆಯುತ್ತಾರೆ. ಗಾರೋ ಜನರಿಗೆ ಅದು ಮೆಮಾಂಗ್ ಕೊಕ್ಸಿ, ದೆವ್ವದ ಬುಟ್ಟಿ. ವಿಜ್ಞಾನಕ್ಕೆ ಅದರ ಹೆಸರು ಬಂದದ್ದು 1873ರಲ್ಲಿ, ಹೂಕರ್‌ರಿಂದ. ಬೆಟ್ಟದ ಹೆಸರನ್ನೇ ಗಿಡಕ್ಕಿಟ್ಟರು.

ಖಾಸಿಯಲ್ಲಿ ನಡೆದ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅಲ್ಲಿನ ಓಕ್ ಕಾಡಿನಲ್ಲಿ ನೀಲಿ ವಾಂಡಾ ಎಂಬ ಆರ್ಕಿಡ್ ತುಂಬಿಕೊಂಡಿತ್ತು. ಏಳು ಜನ ಹೊರುವಷ್ಟು ಗಿಡಗಳನ್ನು ಕೀಳಿಸಿ ಹೂಕರ್ ಕ್ಯೂಗೆ ಕಳಿಸಿದರು. ಜೀವಂತವಾಗಿ ತಲುಪಿದ್ದು ಕೆಲವೇ ಕೆಲವು. ಜಾಗ ತೋರಿಸಿಕೊಳ್ಳಲು ತನ್ನ ಮಾಲಿಯನ್ನು ಇವರ ಜೊತೆ ಕಳಿಸಿದ್ದ ಒಬ್ಬರು ಒಂದು ಹೊರೆ ಇಂಗ್ಲೆಂಡಿಗೆ ಸಾಗಿಸಿ, ಗಿಡಗಳು ಸೊರಗಿ ತಲುಪಿದರೂ 300 ಪೌಂಡಿಗೆ ಮಾರಿದರು. 1854ರಲ್ಲಿ ಹಿಮಾಲಯನ್ ಜರ್ನಲ್ಸ್ ಎಂಬ ಪುಸ್ತಕದಲ್ಲಿ ಹೂಕರ್ ಇದನ್ನೆಲ್ಲ ಲೆಕ್ಕ ಸಮೇತ ಬರೆದರು. ಚುರುಕಾದ ಸಂಗ್ರಾಹಕ ಖಾಸಿಯ ಆರ್ಕಿಡ್ ಮಾರಿ ಒಂದೇ ಹಂಗಾಮಿನಲ್ಲಿ 2,000ದಿಂದ 3,000 ಪೌಂಡ್ ಗಳಿಸಬಹುದು ಎಂಬ ಅಂದಾಜೂ ಅಲ್ಲಿತ್ತು. ಪುಸ್ತಕ ಜನಪ್ರಿಯವಾಯಿತು. ಆ ಸಾಲುಗಳನ್ನು ಓದಿದ ವ್ಯಾಪಾರಿಗಳು ಏನು ಮಾಡಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಹೂಕರ್‌ಗೆ ಇದು ಕಾಣಲಿಲ್ಲವೇ ಎಂದರೆ, ಕಂಡಿತ್ತು. ಬೇರೆ ಬೇರೆಯವರ ಆಳುಗಳು ಬುಟ್ಟಿಗಟ್ಟಲೆ ಗಿಡ ಕಿತ್ತು, ಮೈಲಿಗಟ್ಟಲೆ ದಾರಿಯಲ್ಲಿ ಬಿರುಗಾಳಿ ಬೀಸಿದ ಹಾಗೆ ಕೊಳೆತ ಕೊಂಬೆ, ಆರ್ಕಿಡ್‌ಗಳು ಚೆಲ್ಲಿರುವುದನ್ನು ಅದೇ ವರ್ಷ ಅಪ್ಪನಿಗೆ ಕಾಗದದಲ್ಲಿ ಬೇಸರದಿಂದ ಬರೆದಿದ್ದರು. ನೋವು ಪಟ್ಟವರೂ ಅವರೇ, ಏಳು ಹೊರೆ ಕೀಳಿಸಿದವರೂ ಅವರೇ, ಬೆಲೆ ಅಚ್ಚು ಹಾಕಿಸಿದವರೂ ಅವರೇ. ಒಂದೇ ಮನುಷ್ಯ, ಎರಡು ವರ್ಷದ ಅಂತರ. ಸಿಕ್ಕಿಂನಿಂದ ಬೀಜವಾಗಿ ಹೋದದ್ದು ಬದುಕಿತು. ಖಾಸಿಯಿಂದ ಬೇರುಸಹಿತ ಹೋದದ್ದು ಬಹುಪಾಲು ದಾರಿಯಲ್ಲೇ ಸತ್ತಿತು.

ಹೂಜಿಯೊಳಗೆ ಮೊಟ್ಟೆಯ ಬಿಳಿ

ಇಂಗ್ಲೆಂಡಿಗೆ ಮರಳಿದ ಹೂಕರ್ 1855ರಲ್ಲಿ ಕ್ಯೂ ಉದ್ಯಾನದ ಸಹಾಯಕ ನಿರ್ದೇಶಕರಾದರು. 1865ರಲ್ಲಿ ಅಪ್ಪ ತೀರಿಕೊಂಡ ಮೇಲೆ ನಿರ್ದೇಶಕರಾಗಿ ಇಪ್ಪತ್ತು ವರ್ಷ ದುಡಿದರು. ಹೂಜಿ ಗಿಡದ ಕಡೆ ಅವರ ಗಮನ ಮೊದಲಿಂದಲೂ ಇತ್ತು. ಎಳೆಯ ಎಲೆಯ ತುದಿಯಲ್ಲಿ ಹೂಜಿ ಹೇಗೆ ರೂಪುಗೊಳ್ಳುತ್ತದೆ ಎಂಬ ಬಗ್ಗೆ 1859ರಲ್ಲೇ ಪ್ರಬಂಧ ಬರೆದಿದ್ದರು. ಆದರೆ ಗಿಡ ನಿಜವಾಗಿಯೂ ಕೀಟವನ್ನು ತಿಂದು ಅರಗಿಸುತ್ತದೆಯೇ, ಅಥವಾ ಕೀಟ ಸುಮ್ಮನೆ ಬಿದ್ದು ಕೊಳೆಯುತ್ತದೆಯೇ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ಗಿಡ ಪ್ರಾಣಿಯನ್ನು ತಿನ್ನುತ್ತದೆ ಎಂಬ ಮಾತನ್ನು ಲಿನೇಯಸ್‌ನಂಥ ದೊಡ್ಡವರೂ ಒಪ್ಪಿರಲಿಲ್ಲ.

1860ರ ಬೇಸಿಗೆಯಲ್ಲಿ ಡಾರ್ವಿನ್ ಸಸೆಕ್ಸ್‌ನ ಹಾರ್ಟ್‌ಫೀಲ್ಡ್‌ನಲ್ಲಿ ನೆಂಟರ ಮನೆಗೆ ಹೋಗಿದ್ದಾಗ ಡ್ರಾಸಿರಾ ಎಂಬ ಅಂಟೆಲೆಯ ಗಿಡದಲ್ಲಿ ಎಷ್ಟೊಂದು ಕೀಟ ಸಿಕ್ಕಿಬಿದ್ದಿವೆ ಎಂದು ಗಮನಿಸಿದರು. ಮನೆಗೆ ತಂದು ಕುಂಡದಲ್ಲಿಟ್ಟು, ಮಾಂಸದ ಚೂರು, ಹಾಲಿನ ಹನಿ ಕೊಟ್ಟು ನೋಡತೊಡಗಿದರು. ಆ ಹುಚ್ಚು ಹದಿನೈದು ವರ್ಷ ನಡೆಯಿತು. ಬೇಕಾದ ಗಿಡಗಳನ್ನು ಕ್ಯೂನಿಂದ ಒದಗಿಸಿದವರು ಹೂಕರ್. ನೆಪೆಂಥಿಸ್ ಬಿಸಿ, ತೇವ ಎರಡೂ ಬೇಕಾದ ಗಿಡ. ಅದಕ್ಕೆ ತಕ್ಕ ಗಾಜಿನ ಮನೆ ಇದ್ದದ್ದು ಕ್ಯೂನಲ್ಲಿ. ಹಾಗಾಗಿ ಹೂಜಿ ಗಿಡದ ಪರೀಕ್ಷೆ ಹೂಕರ್‌ರ ಪಾಲಿಗೆ ಬಂತು.

ಪರೀಕ್ಷೆಯ ಕ್ರಮ ಸರಳ. ಬೇಯಿಸಿದ ಮೊಟ್ಟೆಯ ಬಿಳಿಯ ಚೂರು, ಹಸಿ ಮಾಂಸ, ರಕ್ತದ ಫೈಬ್ರಿನ್, ಮೃದ್ವಸ್ಥಿಯ ತುಂಡು, ಇವನ್ನು ಹೂಜಿಯೊಳಗೆ ಹಾಕಿ ನೋಡುವುದು. ಒಂದು ದಿನದಲ್ಲಿ ಮೊಟ್ಟೆಯ ಚೂರಿನ ಅಂಚು ಕರಗಿ ಮೇಲ್ಮೈ ಲೋಳೆಯಾಯಿತು. ಮಾಂಸ ಬೇಗ ಸವೆಯಿತು. ಫೈಬ್ರಿನ್ ಎರಡು ಮೂರು ದಿನದಲ್ಲಿ ಮಾಯವಾಯಿತು. ನಂತರ ಅವರು ಮಾಡಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಹೂಜಿಯ ದ್ರವವನ್ನು ಗಾಜಿನ ನಳಿಕೆಗೆ ಬಗ್ಗಿಸಿ ಅದರಲ್ಲೂ ಅದೇ ವಸ್ತುಗಳನ್ನು ಹಾಕಿದರು. ಅಲ್ಲಿ ಹೆಚ್ಚೇನೂ ನಡೆಯಲಿಲ್ಲ. ಅಂದರೆ ಒಳಗಿರುವ ನೀರಷ್ಟೇ ಕೆಲಸ ಮಾಡುತ್ತಿಲ್ಲ, ಆಹಾರ ಬಿದ್ದದ್ದನ್ನು ಅರಿತು ಜೀವಂತ ಗಿಡವೇ ಜೀರ್ಣರಸ ಸುರಿಸುತ್ತಿರಬೇಕು ಎಂಬ ತೀರ್ಮಾನಕ್ಕೆ ಬಂದರು. ದೋಷ ಎಲ್ಲಿದೆ ಎಂದು ಹುಡುಕುವಾಗ ಒಂದೊಂದೇ ಭಾಗವನ್ನು ಬೇರ್ಪಡಿಸಿ ಓಡಿಸಿ ನೋಡುವುದು ನಮ್ಮ ದಿನನಿತ್ಯದ ಕೆಲಸ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೂಕರ್ ಮಾಡಿದ್ದೂ ಅದನ್ನೇ.

1874ರ ಆಗಸ್ಟ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಅವರು ಮಾಂಸಾಹಾರಿ ಗಿಡಗಳ ಬಗ್ಗೆ ಮಾತಾಡಿ ಈ ಫಲಿತಾಂಶಗಳನ್ನು ಹೇಳಿದರು. ಮರುವರ್ಷ ಡಾರ್ವಿನ್‌ರ ಕೀಟಾಹಾರಿ ಸಸ್ಯಗಳ ಪುಸ್ತಕ ಬಂತು. ಹೂಜಿ ಗಿಡದ ವಿಷಯದಲ್ಲಿ ಡಾರ್ವಿನ್ ಹೂಕರ್‌ರ ಕೆಲಸವನ್ನೇ ಆಧಾರವಾಗಿ ಹೆಸರಿಸಿದರು.

ಹೊರಗಿನಿಂದ ನೋಡಿದರೆ ಅದು ಏರುಗಾಲ. 1873ರಿಂದ ಐದು ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ. ಒಳಗಿನ ಕತೆ ಬೇರೆ. 1870ರಿಂದ ಎರಡು ಮೂರು ವರ್ಷ, ಕ್ಯೂ ಮೇಲೆ ಅಧಿಕಾರವಿದ್ದ ಏರ್ಟನ್ ಎಂಬ ಮಂತ್ರಿ ಹೂಕರ್‌ಗೆ ತಿಳಿಸದೆಯೇ ನೇಮಕ, ಖರ್ಚಿನ ವಿಷಯಗಳಲ್ಲಿ ಕೈಹಾಕಿ ಅವರನ್ನು ಹೈರಾಣ ಮಾಡಿದ್ದರು. ಡಾರ್ವಿನ್, ಲಯಲ್ ಮೊದಲಾದವರು ಪ್ರಧಾನಿ ಗ್ಲಾಡ್‌ಸ್ಟನ್‌ಗೆ ಮನವಿ ಬರೆಯಬೇಕಾಯಿತು. 1873ರಲ್ಲಿ ಏರ್ಟನ್ ಆ ಖಾತೆ ಬಿಟ್ಟರು. ಕೆಲಸ ಗೊತ್ತಿಲ್ಲದ ಮೇಲಧಿಕಾರಿಯ ಕೈಕೆಳಗೆ ದುಡಿದವರಿಗೆ ಆ ಮೂರು ವರ್ಷ ಎಷ್ಟು ಉದ್ದ ಎಂದು ಗೊತ್ತಿರುತ್ತದೆ.

ಮನೆಯ ನೋವು ಅದಕ್ಕಿಂತ ದೊಡ್ಡದು. 1863ರ ಸೆಪ್ಟೆಂಬರಿನಲ್ಲಿ ಆರು ವರ್ಷದ ಮಗಳು ಮರಿಯಾ ತೀರಿಕೊಂಡಳು. ಆಕೆ ಹೋದ ಒಂದು ತಾಸಿನೊಳಗೆ ಹೂಕರ್ ಕಾಗದ ಬರೆದದ್ದು ಡಾರ್ವಿನ್‌ಗೆ. ಹನ್ನೆರಡು ವರ್ಷದ ಹಿಂದೆ ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡಿದ್ದ ಡಾರ್ವಿನ್‌ಗೆ ಅದು ಅರ್ಥವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. 1874ರ ನವೆಂಬರಿನಲ್ಲಿ, ಬೆಲ್‌ಫಾಸ್ಟ್ ಭಾಷಣ ಮುಗಿದು ಮೂರು ತಿಂಗಳಾಗುವಷ್ಟರಲ್ಲಿ, ಹೆಂಡತಿ ಫ್ರಾನ್ಸಿಸ್ ಹಠಾತ್ತನೆ ಹೋದರು. ಉಳಿದ ಆರು ಮಕ್ಕಳನ್ನು ನೋಡಿಕೊಳ್ಳುತ್ತಾ, ಕ್ಯೂ ನಡೆಸುತ್ತಾ, ಭಾರತದ ಗಿಡಗಳ ಮಹಾಗ್ರಂಥವನ್ನು ಬರೆಸುತ್ತಾ ಅವರು ಮುಂದೆ ಸಾಗಿದರು. 1876ರಲ್ಲಿ ಹಯಾಸಿಂತ್ ಜಾರ್ಡಿನ್‌ರನ್ನು ಮದುವೆಯಾದರು.

ಬೀಜ ಮೊಳೆಸುವ ಕೆಲಸ

ಅದೇ 1876ರಲ್ಲಿ ಬ್ರೆಜಿಲ್‌ನಿಂದ ಹೆನ್ರಿ ವಿಕ್‌ಹ್ಯಾಮ್ ತಂದ ಸುಮಾರು 70,000 ರಬ್ಬರ್ ಬೀಜ ಕ್ಯೂಗೆ ಬಂದವು. ಬೇಗ ಜೀವ ಕಳೆದುಕೊಳ್ಳುವ ಬೀಜವಾದ್ದರಿಂದ ತಕ್ಷಣ ಗಾಜಿನ ಮನೆಗಳಲ್ಲಿ ಬಿತ್ತಿದರು. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳಲ್ಲಿ ಹೆಚ್ಚಿನವನ್ನು ವಾರ್ಡಿಯನ್ ಪೆಟ್ಟಿಗೆಗಳಲ್ಲಿ ಸಿಲೋನಿಗೆ ಕಳಿಸಿದರು. ಏಷ್ಯಾದ ರಬ್ಬರ್ ತೋಟಗಳ ಬಹುಪಾಲು ಆ ಸಂತತಿಯದು. ಬ್ರೆಜಿಲ್‌ಗೆ ಅದರಿಂದಾದ ನಷ್ಟ, ತೋಟಗಳಲ್ಲಿ ದುಡಿದ ಕೂಲಿಗಳ ಪಾಡು ಬೇರೆಯೇ ಕತೆ. ಬೀಜದ ಕೆಲಸವೂ ಯಾವಾಗಲೂ ಪಾಪವಿಲ್ಲದ್ದಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ನಮ್ಮ ಲಾಲ್‌ಬಾಗಿಗೂ ಆ ಕಾಲದ ಕ್ಯೂಗೂ ನಂಟಿದೆ. 1874ರಲ್ಲಿ ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆಗಿ ಬಂದ ಜಾನ್ ಕ್ಯಾಮರಾನ್ ಕ್ಯೂನಲ್ಲಿ ಪಳಗಿದವರು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಅವರ ಕಾಲದ್ದು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಫಲಪುಷ್ಪ ಪ್ರದರ್ಶನ ನೋಡಿದವರು ನಮ್ಮಲ್ಲಿ ಎಷ್ಟು ಜನರಿಲ್ಲ!

ನಾನು ಬೀಜ ಸಂಪಾದಿಸಿದ್ದು ಕೊನೆಗೆ ಒಬ್ಬ ಹವ್ಯಾಸಿ ಬೆಳೆಗಾರರಿಂದ. ಅವರ ಮನೆಯ ತಾರಸಿಯಲ್ಲೇ ಬೆಳೆದ ವಿದೇಶಿ ಮಿಶ್ರತಳಿಯ ಬೀಜ. ಹೂಜಿ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಬೀಜ. ಅದೂ ಕೂದಲೆಳೆಯಷ್ಟು ತೆಳು, ಉಸಿರು ಬಿಟ್ಟರೆ ಹಾರುತ್ತದೆ. ತಾಜಾ ಇದ್ದಾಗಲೇ ಹಾಕಬೇಕು, ರಬ್ಬರ್ ಬೀಜದ ಹಾಗೆಯೇ ಇದಕ್ಕೂ ಕಾಯುವ ತಾಳ್ಮೆಯಿಲ್ಲ. ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ ಹಿಂಡಿ ಡಬ್ಬಿಯಲ್ಲಿ ಹರಡಿ, ಬೀಜವನ್ನು ಮೇಲೆ ಉದುರಿಸಿದರೆ ಸಾಕು, ಹೂಳಬಾರದು. ಗೊಬ್ಬರ ಬೇಡವೇ ಬೇಡ. ಸಾರವಿಲ್ಲದ ನೆಲಕ್ಕೆ ಒಗ್ಗಿದ ಬೇರು ಗೊಬ್ಬರಕ್ಕೆ, ಗಡಸು ನೀರಿಗೆ ಸುಟ್ಟುಹೋಗುತ್ತದೆ. ನಮ್ಮ ಸೊಸೈಟಿಯ ಟ್ಯಾಂಕರ್ ನೀರು ಇದಕ್ಕೆ ವಿಷ. ಆರ್‌ಒ ನೀರನ್ನು ಟಿಡಿಎಸ್ ಮೀಟರಿನಲ್ಲಿ ಅಳೆದು, 50ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹಾಕುತ್ತೇನೆ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಹಿಡಿದ ಮಳೆನೀರು. ಮೇಲೊಂದು ಎಲ್‌ಇಡಿ ದೀಪ, ದಿನಕ್ಕೆ ಹದಿನಾಲ್ಕು ತಾಸು. ಬಿಳಿ ಬೂಷ್ಟು ಬಾರದಂತೆ ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸುವುದು.

ಒಂದು ತಿಂಗಳು ಏನೂ ಆಗಲಿಲ್ಲ. ಆಫೀಸಿನಿಂದ ಬಂದು ಮೊದಲು ಟಾರ್ಚ್ ಹಿಡಿದು ಡಬ್ಬಿ ನೋಡುವುದನ್ನು ಕಂಡು ಹೆಂಡತಿ ನಗುತ್ತಿದ್ದಳು. ನಲವತ್ತನೇ ದಿನದ ಸುಮಾರಿಗೆ ಒಂದು ಹಸಿರು ಚುಕ್ಕೆ. ಅರುವತ್ತು ಬೀಜದಲ್ಲಿ ಮೊಳೆತದ್ದು ಹನ್ನೊಂದು. ಎರಡು ಬೀಜದೆಲೆ ಬಿಚ್ಚಿಕೊಂಡವು. ಅದರ ನಂತರ ಬಂದ ಮೊದಲ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರಲ್ಲಾಗಲೇ ಸಾಸಿವೆಗಿಂತ ಸಣ್ಣ ಹೂಜಿ, ಮುಚ್ಚಳ ಸಮೇತ. ಹೂಜಿ ಬಿಡುವುದನ್ನು ಇದಕ್ಕೆ ಯಾರೂ ಕಲಿಸಬೇಕಿಲ್ಲ. ದೊಡ್ಡದಾಗಿ ಕೈಯಷ್ಟು ಹೂಜಿ ಬಿಡಲು ಇನ್ನೂ ಕೆಲವು ವರ್ಷ ಬೇಕು. ಮಗಳು ಆಗ ಶಾಲೆಗೆ ಹೋಗುತ್ತಿರುತ್ತಾಳೆ.

ಆ ದಿನಗಳಲ್ಲೇ ಒಂದು ರಾತ್ರಿ ಸತ್ತ ಗಿಡದ ಹಳೆಯ ಫೋಟೊಗಳನ್ನು ತೆಗೆದು ಖಾಸಿಯಾನಾದ ಚಿತ್ರಗಳೊಂದಿಗೆ ಹೋಲಿಸಿದೆ. ಹೂಜಿಯ ಆಕಾರ, ಎಲೆ ಎಲ್ಲ ಹೋಲುತ್ತಿತ್ತು. ಖಾಸಿಯ ಹೂಜಿ ಗಿಡ ಈಗ ಅಳಿವಿನಂಚಿನಲ್ಲಿದೆ. ಗಣಿ, ಕಾಡು ಕಡಿತದ ಜೊತೆ ಕಿತ್ತು ಮಾರುವವರೂ ಅದಕ್ಕೆ ಕಾರಣ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ವಿಶೇಷ ರಕ್ಷಣೆ ಪಡೆದ ಕೆಲವೇ ಗಿಡಗಳ ಪಟ್ಟಿಯಲ್ಲಿ ಅದೂ ಇದೆ, ನೀಲಿ ವಾಂಡಾ ಕೂಡ ಇದೆ. ಪರವಾನಗಿಯಿಲ್ಲದೆ ಕೀಳುವಂತಿಲ್ಲ, ಮಾರುವಂತಿಲ್ಲ, ಬೆಳೆಸುವಂತಿಲ್ಲ. ಗಾರೋ ಬೆಟ್ಟದ ಬಾಘ್‌ಮಾರಾದಲ್ಲಿ ಹೂಜಿ ಗಿಡಕ್ಕೆಂದೇ ಒಂದು ಪುಟ್ಟ ಅಭಯಾರಣ್ಯವಿದೆ, ಮೂರು ಹೆಕ್ಟೇರ್‌ಗೂ ಕಡಿಮೆ. ಏಳು ಹೊರೆ ಆರ್ಕಿಡ್ ಕೀಳಿಸಿದ ಹೂಕರ್ ಬಗ್ಗೆ ಮುಖ ಸಿಂಡರಿಸಿದ್ದ ನಾನು, ನೂರೆಪ್ಪತ್ತು ವರ್ಷದ ನಂತರ ಅದೇ ದಾರಿಯ ಇನ್ನೊಂದು ತುದಿಯಲ್ಲಿ ದುಡ್ಡು ಕೊಟ್ಟು ನಿಂತಿದ್ದೆ. ಮಾರಿದವರನ್ನು ಬೈಯುವುದು ಸುಲಭ. ಕೊಳ್ಳುವವನಿರದಿದ್ದರೆ ಯಾರೂ ಕೀಳುತ್ತಿರಲಿಲ್ಲ.

ಅಪ್ಪನ ಪಕ್ಕದಲ್ಲಿ

1882ರಲ್ಲಿ ಡಾರ್ವಿನ್ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಯ ಜೊತೆ ನಡೆದವರಲ್ಲಿ ಹೂಕರ್ ಒಬ್ಬರು. 1885ರಲ್ಲಿ ಕ್ಯೂನಿಂದ ನಿವೃತ್ತರಾಗಿ ಸನಿಂಗ್‌ಡೇಲ್‌ಗೆ ಹೋದರು. ನಿವೃತ್ತಿ ಹೆಸರಿಗೆ ಮಾತ್ರ. ಬ್ರಿಟಿಷ್ ಇಂಡಿಯಾದ ಸಸ್ಯಗಳ ಏಳು ಸಂಪುಟಗಳನ್ನು 1872ರಲ್ಲಿ ಶುರು ಮಾಡಿ 1897ರಲ್ಲಿ ಮುಗಿಸಿದರು. ಕೊಡಗಿನಿಂದ ಕಾಶ್ಮೀರದವರೆಗೆ ಯಾವ ಗಿಡದ ಬಗ್ಗೆ ಸಂಶೋಧನೆ ಮಾಡುವವರೂ ಆ ಸಂಪುಟಗಳನ್ನು ಒಮ್ಮೆಯಾದರೂ ತೆರೆಯಬೇಕು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದು ಕುಳಿತದ್ದು ಇಂಪೇಶನ್ಸ್ ಕುಲದ ಗಿಡಗಳನ್ನು. ನಮ್ಮ ಕರ್ಣಕುಂಡಲ ಆ ಕುಲದ್ದು. ಮಳೆಗಾಲದಲ್ಲಿ ಮಲೆನಾಡಿನ ದರೆಗಳ ಮೇಲೆ ಅದರ ಕಾಡು ಬಂಧುಗಳು ಗುಲಾಬಿ ಬಣ್ಣದಲ್ಲಿ ಅರಳುತ್ತವೆ. ಮಾಗಿದ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿದು ಬೀಜ ಎರಚುವ ಆ ಗಿಡದೊಂದಿಗೆ ನಾವೆಲ್ಲ ಆಡಿದವರೇ. ಒಣಗಿಸಿದರೆ ಅದರ ಹೂವಿನ ಆಕಾರ ಉಳಿಯುವುದಿಲ್ಲ, ಬಿಡಿಸಿ ಗುರುತಿಸುವುದು ಕಷ್ಟ. ತೊಂಬತ್ತು ದಾಟಿದ ಮುದುಕ ಆ ಒಣ ಹೂಗಳನ್ನು ಒದ್ದೆ ಮಾಡಿ ಬಿಡಿಸುತ್ತಾ, ಸಾವಿಗೆ ಕೆಲವೇ ದಿನ ಮೊದಲಿನವರೆಗೂ ಕೆಲಸ ಮಾಡಿದರು. 1911ರ ಡಿಸೆಂಬರ್ 10ರಂದು ನಿದ್ದೆಯಲ್ಲೇ ಹೋದರು, 94 ವರ್ಷ.

ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಡಾರ್ವಿನ್ ಹತ್ತಿರ ಜಾಗ ಕೊಡಲು ಅಲ್ಲಿನವರು ಮುಂದೆ ಬಂದರು. ಆದರೆ ಹೂಕರ್ ಬಯಸಿದ್ದು ಕ್ಯೂನ ಸೇಂಟ್ ಆ್ಯನ್ಸ್ ಚರ್ಚಿನ ಅಂಗಳವನ್ನು, ಅಪ್ಪನ ಸಮಾಧಿಯ ಪಕ್ಕ. ಲೋಕವನ್ನೆಲ್ಲ ಸುತ್ತಿದ ಮನುಷ್ಯ ಕೊನೆಗೆ ಹೆಸರಿನ ಬಾಲದಲ್ಲಿದ್ದ ಆ ಎಫ್. ಅಕ್ಷರಕ್ಕೆ ಮರಳಿದರು. ಚರ್ಚಿನೊಳಗೆ ಅವರ ಸ್ಮಾರಕ ಫಲಕದಲ್ಲಿ ಕೆಲವು ಗಿಡಗಳ ಉಬ್ಬುಚಿತ್ರಗಳಿವೆ. ಅದರಲ್ಲೊಂದು ಹೂಜಿ ಗಿಡ.

ಹನ್ನೊಂದರಲ್ಲಿ ಒಂಬತ್ತು ಸಸಿ ಈಗ ಉಳಿದಿವೆ. ಅವುಗಳಲ್ಲಿ ನಾಲ್ಕನ್ನು ಪುಣೆ, ಮುಂಬೈಯ ಸ್ನೇಹಿತರಿಗೆ ಕೊಡುತ್ತಿದ್ದೇನೆ, ಒಂದೇ ಷರತ್ತಿನ ಮೇಲೆ: ಮುಂದೆ ಹೂಜಿ ಗಿಡ ಬೇಕೆಂದವರಿಗೆ ಬೀಜ ಅಥವಾ ಸಸಿ ಕೊಡಬೇಕು, ಕೊರಿಯರ್‌ನಲ್ಲಿ ಬರುವ ಕಾಡಿನ ಗಿಡ ಯಾರೂ ತರಿಸಕೂಡದು. ಕೀಟ ತಿನ್ನುವ ಗಿಡವನ್ನು ಅದರ ನೆಲದಲ್ಲೇ ನೋಡುವ ಆಸೆಯಾದರೆ ದೂರ ಹೋಗಬೇಕಿಲ್ಲ. ಆಗಸ್ಟ್ ಸೆಪ್ಟೆಂಬರಿನಲ್ಲಿ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋಗಿ. ಮರಾಠಿಗರು ಸೀತೆಯ ಕಣ್ಣೀರು ಎಂದು ಕರೆಯುವ ನೇರಳೆ ಬಣ್ಣದ ಯುಟ್ರಿಕ್ಯುಲೇರಿಯಾ ಅಲ್ಲಿ ಹಾಸಿಕೊಂಡಿರುತ್ತದೆ, ಡ್ರಾಸಿರಾದ ಅಂಟುಹನಿಗಳು ಬಿಸಿಲಿಗೆ ಹೊಳೆಯುತ್ತಿರುತ್ತವೆ. ಬಗ್ಗಿ ನೋಡಿ, ಫೋಟೊ ತೆಗೆಯಿರಿ, ಅಲ್ಲೇ ಬಿಟ್ಟು ಬನ್ನಿ. ನಾನು ಈ ಸಲ ಅಮ್ಮನನ್ನೂ ಕರೆದುಕೊಂಡು ಹೋಗುವವನಿದ್ದೇನೆ.